ಪುಸ್ತಕದಲ್ಲಿ ಇಲ್ಲದ ಕಂದೀಲು

"ಪುಸ್ತಕ ಸಿಕ್ಕಿತು ಮೇಡಂ, ಕಥೆ ಸಿಗಲಿಲ್ಲ. ನನ್ನ ತಲೆಗೆ ಏನಾಗಿದೆ ಎಂದು ನೀವೇ ನೋಡಿ ಹೇಳಬೇಕು."

ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರು ಕುರ್ಚಿ ಎಳೆದುಕೊಳ್ಳುವ ಮೊದಲೇ ಆಡಿದ ಮಾತು ಇದು. ಅವರನ್ನು ಇಲ್ಲಿ ಶಾರದಾ ಎಂದು ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯುವುದಕ್ಕೆ ಅವರ ಒಪ್ಪಿಗೆಯೂ ಇದೆ. ವಯಸ್ಸು 52. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಹುಟ್ಟಿ ಬೆಳೆದದ್ದು ಗದಗ ಸೀಮೆಯ ಹಳ್ಳಿಯಲ್ಲಿ, ಈಗ ಇರುವುದು ಧಾರವಾಡದಲ್ಲಿ.

ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದ ಮಕ್ಕಳ ಪುಸ್ತಕಗಳನ್ನು ಆ ತಲೆಮಾರಿನ ಅನೇಕರು ಬಲ್ಲರು. ನವಕರ್ನಾಟಕ ಪ್ರಕಾಶನದವರು ಅವನ್ನು ನಮ್ಮಲ್ಲಿ ಮಾರುತ್ತಿದ್ದರು. ಒಳ್ಳೆಯ ಚಿತ್ರಗಳಿರುತ್ತಿದ್ದವು, ಬೆಲೆ ಬಡ ಮನೆಗೂ ಎಟುಕುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಬರುವುದು ನಿಂತುಹೋಯಿತು. ಅಂಥದ್ದೊಂದು ತೆಳ್ಳನೆಯ ಪುಸ್ತಕವನ್ನು ಶಾರದಾ ಅವರ ಅಪ್ಪ ಹುಬ್ಬಳ್ಳಿಯಿಂದ ತಂದಿದ್ದರು. ಹಿಮ ಬಿದ್ದ ಕಾಡು ದಾಟಿ ಅಜ್ಜಿಯ ಮನೆಗೆ ಹೋಗುವ ಹುಡುಗಿಯ ಕಥೆ. ಮುಂದೆ ಮನೆ ಬದಲಿಸುವಾಗ ಅದು ರದ್ದಿಯ ಜೊತೆ ಹೋಯಿತು. ನಲವತ್ತು ವರ್ಷಗಳ ನಂತರ ಅದನ್ನು ಹುಡುಕಬೇಕೆಂಬ ಹಂಬಲ ಹತ್ತಿ, ಸುಭಾಷ್ ರಸ್ತೆಯ ಅಂಗಡಿಗಳನ್ನು ಕೇಳಿ, ರಾತ್ರಿ ಎರಡರವರೆಗೆ ಅಂತರಜಾಲವನ್ನು ಜಾಲಾಡಿ, ಕೊನೆಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬರಿಂದ ತರಿಸಿಕೊಂಡಿದ್ದರು.

ಅಂಚೆಯಲ್ಲಿ ಬಂದದ್ದು ಅದೇ ಪುಸ್ತಕ. ಮುಖಪುಟ ಅದೇ, ಮೂಗಿಗೆ ಹಿಡಿದರೆ ವಾಸನೆಯೂ ಅದೇ. ಓದಿದಾಗ ಮಾತ್ರ ಕೈ ನಡುಗಿತು. ಅವರ ನೆನಪಿನ ಹುಡುಗಿ ಅಜ್ಜಿಗೆಂದು ರೊಟ್ಟಿ ಮತ್ತು ಗುರೆಳ್ಳಿನ ಹಿಂಡಿ ಕಟ್ಟಿಕೊಂಡು ಹೋಗಿದ್ದಳು. ಅಜ್ಜಿಯ ಮನೆಯಲ್ಲಿ ತಾಮ್ರದ ಹಂಡೆ ಕುದಿಯುತ್ತಿತ್ತು. ಕತ್ತಲಾಗುವಷ್ಟರಲ್ಲಿ ಹುಡುಗಿ ಮನೆಗೆ ತಿರುಗಿ ಬಂದಾಗ ಅವಳ ಅವ್ವ ಕಂದೀಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಪುಸ್ತಕದಲ್ಲಿ ಇದಾವುದೂ ಇಲ್ಲ. ಅಲ್ಲಿರುವುದು ಕಡುಬಣ್ಣದ ಬ್ರೆಡ್ಡು, ಚಹಾಕ್ಕೆ ನೀರು ಕಾಯಿಸುವ ರಷ್ಯನ್ ಪಾತ್ರೆಯಾದ ಸಮೊವಾರ್. ಹುಡುಗಿ ಆ ರಾತ್ರಿ ಅಜ್ಜಿಯ ಮನೆಯಲ್ಲೇ ಮಲಗುತ್ತಾಳೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಕಂದೀಲು ಚಿತ್ರದಲ್ಲೂ ಇಲ್ಲ, ಮಾತಿನಲ್ಲೂ ಇಲ್ಲ.

ಇಷ್ಟಕ್ಕೆ ಯಾರಾದರೂ ಆಪ್ತಸಲಹೆಗೆ ಬರುತ್ತಾರೆಯೇ ಎಂದು ಓದುಗರಿಗೆ ಅನ್ನಿಸಬಹುದು. ನನಗೂ ಮೊದಲ ಹತ್ತು ನಿಮಿಷ ಭಯದ ಬೇರು ಸಿಗಲಿಲ್ಲ. ಮನೆಯವರ ಆರೋಗ್ಯ ವಿಚಾರಿಸುತ್ತಾ ಹೋದಾಗ ಸಿಕ್ಕಿತು. ಅವರ ಅವ್ವ ಕೊನೆಯ ಆರು ವರ್ಷ ಅಲ್ಝೈಮರ್‌ನಿಂದ ನರಳಿದ್ದರು. ಮೊದಲು ವಸ್ತುಗಳ ಹೆಸರು ಮರೆತವು, ಆಮೇಲೆ ಮಕ್ಕಳ ಹೆಸರು. ಶಾರದಾ ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹತ್ತೊಂಬತ್ತರ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಎಲ್ಲಾದರೂ ತಡವರಿಸಿದರೆ ಆ ದಿನವೆಲ್ಲ ಮಂಕು. ಪುಸ್ತಕ ಅವರ ಪಾಲಿಗೆ ತೀರ್ಪಿನಂತೆ ಬಂದಿತ್ತು: ನನಗೂ ಶುರುವಾಗಿದೆ.

ಇಂಥಲ್ಲಿ ಬರಿಯ ಧೈರ್ಯದ ಮಾತು ಹೇಳಿ ಕಳಿಸುವುದು ತಪ್ಪು. ಹಾಗಾಗಿ ನೇರವಾಗಿ ಕೇಳಿದೆ. ನಿನ್ನೆ ಮೊನ್ನೆ ನಡೆದದ್ದು ಅಳಿಸಿಹೋಗುತ್ತಿದೆಯೇ? ದಿನವೂ ಓಡಾಡುವ ದಾರಿ ತಪ್ಪಿದ್ದುಂಟೇ? ಹಣದ ಲೆಕ್ಕ, ಅಂಕಪಟ್ಟಿ, ಅಡುಗೆಯ ಹದದಲ್ಲಿ ಎಡವಟ್ಟಾಗಿದೆಯೇ? ಹೇಳಿದ್ದನ್ನೇ ಹೇಳುತ್ತೀರಿ ಎಂದು ಮನೆಯವರು ಹೇಳಿದ್ದಾರೆಯೇ? ಒಂದಕ್ಕೂ ಹೌದು ಎಂಬ ಉತ್ತರ ಬರಲಿಲ್ಲ. ಆದರೂ ನರರೋಗ ವೈದ್ಯರ ಬಳಿ ಒಮ್ಮೆ ತಪಾಸಣೆ ಮಾಡಿಸಲು ಹೇಳಿದೆ. ಥೈರಾಯ್ಡ್ ಅಥವಾ ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಂತೂ ಎಷ್ಟೋ ಹೆಂಗಸರಿಗೆ ಮಾತಿನ ನಡುವೆ ಪದ ಸಿಗದೆ ಹೋಗುತ್ತದೆ. ಇದನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲವೆಂಬುದು ನನಗೆ ನೋವು ತಂದಿತು. ವರದಿಯಲ್ಲಿ ಬಿ12 ಕಡಿಮೆ ಇತ್ತು, ಅದಕ್ಕೆ ಚಿಕಿತ್ಸೆ ಶುರುವಾಯಿತು. ನೆನಪಿನ ಪರೀಕ್ಷೆಯಲ್ಲಿ ಕೊರತೆ ಕಾಣಲಿಲ್ಲ. ತಾಯಿಗೆ ಇದ್ದರೆ ಮಗಳಿಗೆ ಅಪಾಯ ತುಸು ಹೆಚ್ಚು ಎಂಬುದನ್ನು ನಾನು ಮುಚ್ಚಿಡಲಿಲ್ಲ. ಬಂದೇ ತೀರುತ್ತದೆ ಎಂದೇನೂ ಅಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದೆ.

ಎರಡನೆಯ ಭೇಟಿಯಲ್ಲಿ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ಮನೋವಿಜ್ಞಾನಿ 1932ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದೆ. ಅವರು ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಆಮೇಲೆ ನೆನಪಿನಿಂದ ಬರೆಸಿದರು. ಸೀಲ್ ಪ್ರಾಣಿಯ ಬೇಟೆ ಹೊರಟವರು ಓದುಗರ ನೆನಪಿನಲ್ಲಿ ಮೀನು ಹಿಡಿಯಲು ಹೊರಟರು. ಅವರ ಕಿರುದೋಣಿ ಸಾಮಾನ್ಯ ದೋಣಿಯಾಯಿತು. ಪರಿಚಯವಿಲ್ಲದ್ದನ್ನು ಮನಸ್ಸು ತನ್ನ ಮನೆಯ ಸಾಮಾನಿನಿಂದ ತುಂಬಿಕೊಳ್ಳುತ್ತದೆ, ಆರೋಗ್ಯವಂತ ನೆನಪು ನಡೆಯುವುದೇ ಹಾಗೆ.

ಶಾರದಾ ತಲೆಯಾಡಿಸಿದರು, ಆದರೆ ಮುಖ ಅರಳಲಿಲ್ಲ. "ಹಂಡೆಯನ್ನು ಒಪ್ಪಿದೆ. ಕಂದೀಲು? ಅದು ಎಲ್ಲಿಂದ ಬಂತು?" ಗಣಿತದ ಮೇಡಂ, ಉಳಿದ ಶೇಷವನ್ನು ಬಿಡುವವರಲ್ಲ.

ಆಗ ಮೂರು ಕೆಲಸ ಹೇಳಿದೆ. ಮಗ್ಗಿಯ ಪರೀಕ್ಷೆಯನ್ನು ಇಂದೇ ನಿಲ್ಲಿಸಿ, ಅದು ಭಯಕ್ಕೆ ದಿನಾ ಹಾಕುವ ಮೇವು. ರಾತ್ರಿ ಹತ್ತೂವರೆಗೆ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಪುಸ್ತಕವನ್ನು ಸದ್ಯ ಮುಚ್ಚಿಟ್ಟು, ನಿಮ್ಮ ನೆನಪಿನ ಕಥೆಯನ್ನು ತಿದ್ದದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆದದ್ದನ್ನು ಆ ಪುಸ್ತಕದ ಬಗ್ಗೆ ಗೊತ್ತಿರುವ ಇನ್ನೊಬ್ಬರಿಗೆ ಓದಿ ಹೇಳಿ.

ಗೊತ್ತಿದ್ದವರು ಒಬ್ಬರೇ, ಅವರ ಅಕ್ಕ. ಹೊಲದ ಪಾಲಿನ ವಿಷಯದಲ್ಲಿ ಮನಸ್ತಾಪವಾಗಿ ಮೂರು ವರ್ಷ ಮಾತಿರಲಿಲ್ಲ. ಒತ್ತಾಯಿಸುವುದಿಲ್ಲ ಎಂದೆ. ಫೋನ್ ಮಾಡುವುದಾದರೆ ಪುಸ್ತಕವೊಂದನ್ನು ಬಿಟ್ಟು ಬೇರೆ ಮಾತೆತ್ತಬೇಡಿ ಎಂದೆ. ಎರಡು ವಾರ ಅವರು ಮಾಡಲಿಲ್ಲ. ಮಾಡಿದ ಮರುದಿನವೇ ನನ್ನ ಬಳಿ ಬಂದರು.

ಅಕ್ಕ ಮೊದಲು ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಕೇಳಿದರಂತೆ: "ಅದನ್ನು ನೀನೆಲ್ಲಿ ಓದಿದ್ದೆ? ನಿನಗಿನ್ನೂ ಅಕ್ಷರ ಬರುತ್ತಿರಲಿಲ್ಲ. ಓದುತ್ತಿದ್ದವಳು ಅವ್ವ."

ಅವ್ವ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ತಿಳಿಯದ ಪದ ಬಂದಾಗ ನಿಲ್ಲದೆ ತಮ್ಮದೊಂದು ಪದ ಇಟ್ಟು ಮುಂದೆ ಹೋಗುತ್ತಿದ್ದರು. ಸಮೊವಾರ್ ಹಂಡೆಯಾಯಿತು, ಬ್ರೆಡ್ಡು ರೊಟ್ಟಿಯಾಯಿತು. ಮುಕ್ತಾಯವನ್ನೂ ಅವ್ವನೇ ಕಟ್ಟಿದ್ದು. "ಆ ಹುಡುಗಿ ಅವ್ವನ ಹತ್ತಿರ ಯಾವಾಗ ಬರುತ್ತಾಳೆ ಎಂದು ನೀನು ಅಳುತ್ತಿದ್ದೆ. ಅದಕ್ಕೇ ಅವಳನ್ನು ಮನೆಗೆ ಕರೆತಂದಳು."

ಇದನ್ನು ಹೇಳುವಾಗ ಶಾರದಾ ಅಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ಓದಲೇ ಎಂದು ಕೇಳಿದರು. ಬೆರಳು ಸಾಲಿನ ಕೆಳಗೆ ಹರಿಯಿತು. ನಾಲ್ಕನೆಯ ಪುಟದಲ್ಲಿ ಸಮೊವಾರ್ ಎಂಬ ಪದದ ಮೇಲೆ ಬೆರಳು ನಿಂತಿತು, ಬಾಯಿಂದ ಬಂದದ್ದು "ಹಂಡೆ". ಹಿಂದೆಯೇ ಅವರು ಹೇಳಿದರು: "ಕೊನೆಗೆ ಅವ್ವನಿಗೆ ಲೋಟ ಎಂಬ ಪದವೂ ಬರುತ್ತಿರಲಿಲ್ಲ ಮೇಡಂ. ಆರು ವರ್ಷದಿಂದ ನನಗೆ ಆ ಅವ್ವನೊಬ್ಬಳೇ ಕಾಣುತ್ತಿದ್ದಳು." ಅಳು ಬಂದದ್ದು ಆಮೇಲೆ. ನಾನು ತಡೆಯಲಿಲ್ಲ, ನೀರಿನ ಲೋಟವನ್ನು ಹತ್ತಿರ ಸರಿಸಿಟ್ಟು ಕಾದೆ.

ಒಟ್ಟು ಆರು ಭೇಟಿಗಳಾದವು. ಉಳಿದವುಗಳಲ್ಲಿ ನಾವು ಮಾತಾಡಿದ್ದು ಹೆಚ್ಚಾಗಿ ಅವ್ವನ ಆರೈಕೆಯ ವರ್ಷಗಳ ಬಗ್ಗೆ, ಸಿಟ್ಟಿನಲ್ಲಿ ಗದರಿದ ಒಂದು ರಾತ್ರಿಯ ಬಗ್ಗೆ. ಆ ಪಶ್ಚಾತ್ತಾಪ ಇನ್ನೂ ಪೂರ್ತಿ ಹೋಗಿಲ್ಲ. ಮಗ್ಗಿ ನಿಂತಿದೆ, ನಿದ್ದೆ ಸುಧಾರಿಸಿದೆ. ಹೊಲದ ವಿಷಯ ಇದ್ದಲ್ಲಿಯೇ ಇದೆ.

ಪುಸ್ತಕದ ಕೊನೆಯಲ್ಲಿರುವ ಖಾಲಿ ಹಾಳೆಯ ಮೇಲೆ ಅವ್ವನ ಮುಕ್ತಾಯವನ್ನು ಬರೆಯಬಹುದೇ, ಅಪರೂಪದ ಪ್ರತಿ ಹಾಳಾಗುವುದಿಲ್ಲವೇ ಎಂದು ಅವರು ಕೊನೆಯ ಭೇಟಿಯಲ್ಲಿ ಕೇಳಿದರು. ಪೆನ್ಸಿಲಿನಲ್ಲಿ ಬರೆಯಿರಿ, ಆದರೆ ಒಬ್ಬರೇ ಬರೆಯಬೇಡಿ, ನಿಮ್ಮ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ ಎಂದು ಹೇಳಿದೆ. ದೀಪಾವಳಿಗೆ ಅಕ್ಕ ಕರೆದಿದ್ದಾರೆ. ಆ ದಿನ ಹೊಲದ ಕಾಗದಗಳನ್ನು ಒಯ್ಯಬೇಡಿ ಎಂದೂ ಹೇಳಿ ಕಳಿಸಿದ್ದೇನೆ.