ಡಿಸ್ಕ್ ಕಾಪಿ ಆದರೂ ಲೆಕ್ಕ ನಿಮ್ಮದೇ

15 ಕೆಜಿ ಕಾದಾಟದ ರೋಬೋಟಿಗೆ ವಿಡಿಯೋದಲ್ಲಿ ನೋಡಿದ ವರ್ಟಿಕಲ್ ಡಿಸ್ಕ್ (ಗಾಡಿ ಚಕ್ರದ ಹಾಗೆ ನೆಟ್ಟಗೆ ನಿಂತು ತಿರುಗುವ ಆಯುಧ) ಹಾಕಿದರೆ ಕಾಪಿ ಅಂತಾರಾ ಎಂದು ಕೇಳಿದ್ದೀರಿ. ಅಂದರೆ ಅನ್ನಲಿ ಬಿಡಿ. 1995ರಲ್ಲಿ ಅಮೆರಿಕದ ಜೇಮಿ ಹೈನ್‌ಮನ್ ಅವರ ಬ್ಲೆಂಡೋ ಎಂಬ ರೋಬೋಟ್, ಬೋರಲು ಹಾಕಿದ ಬಾಣಲೆಯ ಹಾಗೆ ಮೈಯನ್ನೇ ಗಿರಗಿರ ತಿರುಗಿಸುತ್ತಾ ಕಣಕ್ಕಿಳಿಯಿತು. ಆಮೇಲೆ ಆ ಜಾತಿಯವು ಎಷ್ಟು ಬಂದವು! ಬೈಟ್ ಫೋರ್ಸ್ ಎಂಬ ರೋಬೋಟ್ ಕೂಡ ಬ್ಯಾಟಲ್‌ಬಾಟ್ಸ್ ಎಂಬ ಟಿವಿ ಸ್ಪರ್ಧೆಯನ್ನು 2015ರಲ್ಲಿ ಎತ್ತುವ ಆಯುಧದಿಂದ ಗೆದ್ದು, ಮುಂದೆ ನೆಟ್ಟಗೆ ತಿರುಗುವ ಆಯುಧಕ್ಕೆ (ವರ್ಟಿಕಲ್ ಸ್ಪಿನ್ನರ್) ಬದಲಾಗಿ 2018, 2019ರಲ್ಲಿ ಮತ್ತೆ ಗೆದ್ದಿತು.

ಆದರೆ ವಿಡಿಯೋದಲ್ಲಿ ಕಾಣುವುದು ಆಕಾರ ಮಾತ್ರ, ಅದರ ಹಿಂದಿನ ಲೆಕ್ಕ ಅಲ್ಲ. ಕುಂಬಳೆಯಲ್ಲಿ ನಮ್ಮ ಮನೆಯ ಅಡಿಕೆ ಒಣಗಿಸುವ ಅಂಗಳದಲ್ಲಿ ನನ್ನ ಮೊದಲ ರೋಬೋಟ್ ಓಡಿಸಿದೆ. (ಸುತ್ತ ರಕ್ಷಣೆಯ ಬೋನಿಲ್ಲದೆ ಓಡಿಸಿದ್ದು ಶುದ್ಧ ತಪ್ಪು, ನೀವು ಮಾಡಬೇಡಿ.) ಡಿಸ್ಕ್ ಫುಲ್ ಸ್ಪೀಡಿನಲ್ಲಿದ್ದಾಗ ಎಡಕ್ಕೆ ತಿರುಗಿಸಿದ್ದೇ ತಡ, ಒಂದು ಚಕ್ರ ನೆಲ ಬಿಟ್ಟು ಮೇಲೆದ್ದಿತು. "ಇದಕ್ಕೂ ದರ್ಶನ ಬಂತಾ?" ಅಂದರು ಅಪ್ಪ. ಅದು ಗೈರೋ ಬಲ, ತಿರುಗುವ ಡಿಸ್ಕ್ ತನ್ನ ಅಕ್ಷ ಬದಲಿಸಲು ಸುಲಭಕ್ಕೆ ಬಿಡುವುದಿಲ್ಲ. ಚಕ್ರಗಳನ್ನು ಅಗಲಕ್ಕೆ ಸರಿಸಿ, ತಿರುವಿನ ವೇಗ ಇಳಿಸಿದ ಮೇಲೆ ಸರಿಯಾಯಿತು.

ಬೇರೆಯವರ ಡ್ರಾಯಿಂಗ್ ಫೈಲ್ ಎತ್ತಿ ಹೆಸರು ಬದಲಿಸಿದರೆ ಅದು ಕಳ್ಳತನವೇ. ನಿಮ್ಮದು ಹಾಗಲ್ಲ ಅಲ್ವಾ? ಡಿಸ್ಕಿನ ತೂಕ, ಚಕ್ರಗಳ ನಡುವಿನ ಅಂತರ ಬರೆಯಿರಿ, ಒಟ್ಟಿಗೆ ನೋಡೋಣ.