ಬೀಗದ ಊರಿಗೆ ಹೊರಟ ತಮ್ಮನಿಗೆ

ನಿನ್ನ ಪತ್ರ ಓದಿದೆ. ಮೊದಲು ಆ ‘ಸರ್’ ಬಿಡು, ಅಣ್ಣ ಎಂದರೆ ಸಾಕು. ನಾನೂ ‘ನೀನು’ ಎಂದೇ ಬರೆಯುತ್ತೇನೆ. ಪೀಣ್ಯದಲ್ಲಿ ನಾಲ್ಕು ವರ್ಷ ಸತುವನ್ನು ಕರಗಿಸಿ ಅಚ್ಚಿಗೆ ತುಂಬುವ ಡೈ ಕಾಸ್ಟಿಂಗ್ ಕೆಲಸ ಮಾಡಿದ್ದೀಯ. ಜರ್ಮನಿಯ ಫೆಲ್ಬರ್ಟ್‌ನಲ್ಲಿರುವ ಕಾರಿನ ಬೀಗದ ಕಾರ್ಖಾನೆಯೊಂದು ಈಗ ಕರೆದಿದೆ. ಆದರೆ ಗೆಳೆಯರು, ‘ಬೀಗವೆಲ್ಲ ಈಗ ಚೀನಾದ್ದು, ಬೀಳುವ ಮನೆಗೆ ಬಾಡಿಗೆಗೆ ಹೋಗುತ್ತೀಯಾ’ ಎಂದು ಹೆದರಿಸಿದ್ದಾರೆ. ಬೀಗದಲ್ಲಿ ಯಾವ ದೇಶ ಮುಂದು, ಅಲ್ಲಿಗೆ ಬಂದರೆ ಬದುಕು ಹೇಗೆ ಎಂದು ಕೇಳಿದ್ದೀಯ. ಇಪ್ಪತ್ತೆರಡು ವರ್ಷಗಳಿಂದ ಇದೇ ಊರಿನಲ್ಲಿ ಬೀಗಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ನನಗೆ ಕಂಡದ್ದನ್ನು ಹೇಳುತ್ತೇನೆ.

ಮುಂದು ಎಂದರೆ ಏನನ್ನು ಎಣಿಸಬೇಕು? ಬೀಗಗಳನ್ನು ಎಣಿಸಿದರೆ ನಿನ್ನ ಗೆಳೆಯರ ಮಾತು ಸರಿ, ಚೀನಾವೇ. ವೆನ್‌ಝೌ ನಗರವಿದೆ, ಗುವಾಂಗ್‌ಡಾಂಗ್ ಪ್ರಾಂತದ ಷಿಯಾವೊಲಾನ್ ಪಟ್ಟಣವಿದೆ. ಅಂಥ ಕಡೆ ಅಚ್ಚು ಮಾಡುವವನು, ಲೇಪನ ಹಾಕುವವನು, ಸ್ಪ್ರಿಂಗ್ ಸುತ್ತುವವನು ಎಲ್ಲರೂ ಅಕ್ಕಪಕ್ಕದ ಬೀದಿಗಳಲ್ಲೇ ಸಿಗುತ್ತಾರೆ. ಒಡೆಯರನ್ನು ಎಣಿಸಿದರೆ ಲೆಕ್ಕ ಬೇರೆ. 1994ರಲ್ಲಿ ಸ್ವೀಡನ್ನಿನ ಅಸ್ಸಾ, ಫಿನ್ಲೆಂಡಿನ ಅಬ್ಲಾಯ್ ಕೂಡಿ ಆದ ಅಸ್ಸಾ ಅಬ್ಲಾಯ್ ಕಂಪನಿ ಅಂದಿನಿಂದ 300ಕ್ಕೂ ಹೆಚ್ಚು ಕಂಪನಿಗಳನ್ನು ಕೊಂಡಿದೆ. ಅಮೆರಿಕದಲ್ಲಿ ಹುಟ್ಟಿದ ಯೇಲ್ ಹೆಸರೂ 2000ದಲ್ಲಿ ಅದರ ಚೀಲ ಸೇರಿತು. ಇವತ್ತು ನಿನ್ನ ಮನೆಯ ಬಾಗಿಲಲ್ಲಿರುವ ಮಾದರಿಯ ಪಿನ್ ಬೀಗಕ್ಕೆ 1860ರ ದಶಕದಲ್ಲಿ ರೂಪ ಕೊಟ್ಟ ಲೈನಸ್ ಯೇಲ್ ಅವರ ಹೆಸರು ಅದು! ಜರ್ಮನಿಯ ಡೋರ್ಮಾ, ಸ್ವಿಟ್ಜರ್ಲೆಂಡಿನ ಕಾಬಾ 2015ರಲ್ಲಿ ಒಂದಾದವು. ಅಮೆರಿಕನ್ನರ ಷ್ಲೇಗ್ ಬೀಗದ ಒಡೆಯ ಅಲೀಜಿಯನ್ ಕಂಪನಿಯ ಕೇಂದ್ರ ಕಚೇರಿ ಐರ್ಲೆಂಡಿನಲ್ಲಿದೆ. ಬೀಗದ ಮೇಲಿನ ಹೆಸರು ನೋಡಿ ಅದರ ಊರು ಹೇಳುವ ಕಾಲ ಹೋಯಿತು.

ಇನ್ನು ಕೆಲಸದ ಕೈಗಳನ್ನು ಎಣಿಸಿದರೆ, ಅದು ದೇಶಗಳ ಲೆಕ್ಕವಲ್ಲ, ಊರುಗಳ ಲೆಕ್ಕ. ಇಂಗ್ಲೆಂಡಿನ ವಿಲೆನ್‌ಹಾಲ್‌ನಲ್ಲಿ ಮಕ್ಕಳಾಗಿದ್ದಾಗಿನಿಂದ ವೈಸಿನ ಮೇಲೆ ಬಾಗಿ ಅರ ಹಾಕಿ ಬೀಗದವರ ಬೆನ್ನೇ ಗೂನಾಗುತ್ತಿತ್ತು. ಸುತ್ತಲಿನವರು ಆ ಊರನ್ನು ಗೂನು ಬೆನ್ನಿನವರ ಸೀಮೆ ಎಂದು ಕರೆದರು. ನಮ್ಮಲ್ಲಿ ಅಲೀಘಡವಿದೆ. ಅಲ್ಲಿ 1870ರಲ್ಲಿ ಇಂಗ್ಲಿಷ್ ಕಂಪನಿಯೊಂದು ಬೀಗ ತರಿಸಿ ಮಾರತೊಡಗಿ, ಆಮೇಲೆ ಅಲ್ಲೇ ಮಾಡತೊಡಗಿತು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತುಮಕೂರಿನ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಅಜ್ಜ ಹಾಕಿಸಿದ ದಿಂಡಿಗಲ್ ಬೀಗಕ್ಕೆ ಕೀಲಿಕೈ ಎಷ್ಟು ದೊಡ್ಡದಿತ್ತೆಂದರೆ ಅದನ್ನು ಯಾರೂ ಕಳೆಯುವಂತೆಯೇ ಇರಲಿಲ್ಲ.

ಫೆಲ್ಬರ್ಟ್ ಅಂಥದೇ ಊರು. ಎಸೆನ್, ವುಪರ್ಟಾಲ್, ಡ್ಯೂಸೆಲ್ಡಾರ್ಫ್ ನಡುವಿನ ಗುಡ್ಡಗಳ ಮೇಲೆ ಇದೂ ಪಕ್ಕದ ಹೈಲಿಗೆನ್‌ಹೌಸ್ ಪಟ್ಟಣವೂ ಕೂತಿವೆ. ಬೀಗಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯವೂ ಇಲ್ಲಿದೆ. ಊರಿನ ಸಿಇಎಸ್ ಕಂಪನಿ 1840ರದು, ಕಾರಿನ ಬೀಗದ ಹುಫ್ 1908ರದು. ಹೈಲಿಗೆನ್‌ಹೌಸ್‌ನ ಕೀಕರ್ಟ್ 1857ರದು, ಕಾರಿನ ಬಾಗಿಲ ಬೀಗಗಳಲ್ಲಿ ಲೋಕಕ್ಕೆಲ್ಲ ಗೊತ್ತಿರುವ ಹೆಸರು. ಅದನ್ನು 2012ರಲ್ಲಿ ಚೀನಾದ ಲಿಂಗ್‌ಯುನ್ ಕೊಂಡಿತು. 2025ರಲ್ಲಿ ಕೀಕರ್ಟ್ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು. ನಿನ್ನಿಂದ ಇದನ್ನು ಮುಚ್ಚಿಡುವುದಿಲ್ಲ. ಹೀಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂಪನಿಯ ಒಡೆಯ ಯಾರು, ನಿನ್ನನ್ನು ಯಾವ ತಯಾರಿಕಾ ಸಾಲಿಗೆ ಹಾಕುತ್ತಾರೆ ಎಂದು ಕೇಳು. ಬರೀ ಎರಕದ ಸಾಲಾದರೆ ಅದು ನಾಳೆ ಬೇರೆ ದೇಶಕ್ಕೆ ಹೋಗಬಹುದು. ಮೋಟಾರು, ಸೆನ್ಸರ್ ಇರುವ ಬೀಗದ ಸಾಲಾದರೆ ಕಣ್ಣು ಮುಚ್ಚಿ ಬಾ. ಹೈಲಿಗೆನ್‌ಹೌಸ್‌ನಲ್ಲಿ ಬೋಖುಮ್ ತಾಂತ್ರಿಕ ಕಾಲೇಜಿನ ಶಾಖೆಯಿದೆ, ಕೆಲಸ ಮಾಡುತ್ತಲೇ ಅಲ್ಲಿ ಎಂಜಿನಿಯರಿಂಗ್ ಓದುವವರಿದ್ದಾರೆ. ಅದನ್ನೂ ವಿಚಾರಿಸಿಕೊ.

ಕಾರಿನದಲ್ಲದೆ ಮನೆಯ ಬಾಗಿಲ ಬೀಗವೂ ಇದೆ. ನನ್ನ ಕೆಲಸ ಅದರಲ್ಲಿ. ಬೀಗದೊಳಗೆ ಕೀಲಿಕೈ ತೂರಿಸುವ ಭಾಗಕ್ಕೆ ಸಿಲಿಂಡರ್ ಎನ್ನುತ್ತಾರೆ. ಇಲ್ಲಿನದು ಮೇಲ್ಭಾಗದಲ್ಲಿ ದುಂಡು, ಕೆಳಭಾಗದಲ್ಲಿ ಚಪ್ಪಟೆ. ದುಂಡಿನ ಅಗಲ 17 ಮಿ.ಮೀ., ಚಪ್ಪಟೆಯದು 10, ಒಟ್ಟು ಎತ್ತರ 33. ಯಾರು ಮಾಡಿದರೂ ಇದೇ ಅಳತೆ. ಅದಕ್ಕೇ ಒಬ್ಬರ ಸಿಲಿಂಡರ್ ಇನ್ನೊಬ್ಬರ ಬೀಗಕ್ಕೆ ಕೂರುತ್ತದೆ. ಚೀನಾದವರಿಗೆ ಯುರೋಪಿನ ಬಾಗಿಲು ತೆರೆದದ್ದೂ ಇದೇ ಅಳತೆ ಎನ್ನುವುದು ನನ್ನ ಅನಿಸಿಕೆ. ನನ್ನ ಮೇಜಿನ ಪಕ್ಕದಲ್ಲಿ ಒಂದು ಯಂತ್ರ ಕೀಲಿಕೈಯನ್ನು ತೂರಿಸಿ, ತಿರುಗಿಸಿ, ಎಳೆಯುತ್ತದೆ, ಮತ್ತೆ ತೂರಿಸುತ್ತದೆ. ಯುರೋಪಿನ ಮಾನದಂಡದ ಮೇಲಿನ ದರ್ಜೆ ಬೇಕಾದರೆ 1,00,000 ಸಲ. ಎಷ್ಟೋ ಸಿಲಿಂಡರುಗಳು ಅರ್ಧ ದಾರಿಯಲ್ಲೇ ಹಿತ್ತಾಳೆಯ ಪುಡಿ ಉದುರಿಸಿ ಬಿಗಿಯುತ್ತವೆ. ಅಗ್ಗದ ಮಾಲೆಲ್ಲ ಸೋಲುತ್ತದೆ ಎಂದುಕೊಳ್ಳಬೇಡ. ಚೀನಾದಿಂದ ಬಂದದ್ದು ಪಾಸಾಗಿ, ನಮ್ಮದೇ ಫೇಲಾದ ದಿನವನ್ನೂ ಕಂಡಿದ್ದೇನೆ. ಅಂದು ಊಟದ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ.

ಭಾಷೆ ಕಲಿತೇ ಬಾ. ಜರ್ಮನ್‌ನಲ್ಲಿ ‘ಶ್ಲಾಸ್’ ಎಂದರೆ ಬೀಗ, ಅರಮನೆಗೂ ಅದೇ ಪದ. ನಮ್ಮಲ್ಲಿ ಬೀಗ ಎಂದರೆ ಮಗಳನ್ನು ಕೊಟ್ಟ ಮನೆಯ ಯಜಮಾನನೂ ಹೌದು ಎಂದು ನನ್ನ ಹಳೆಯ ಮೇಸ್ತ್ರಿಗೆ ಹೇಳಿದೆ. ‘ಎರಡನ್ನೂ ಬಲವಂತದಿಂದ ತಿರುಗಿಸಬಾರದು’ ಎಂದ. ಗದಗಿನವನಾದ ನೀನು ಬೀಗಕ್ಕೂ ಕೀಲಿ ಎನ್ನುತ್ತೀಯ, ಈ ಜೋಕು ನಿನಗೆ ದಕ್ಕುವುದಿಲ್ಲ.

ಇನ್ನು ಬದುಕು. ಇಲ್ಲಿನ ಬದುಕಿನ ಮೊದಲ ಪಾಠವೂ ಬಾಗಿಲಿನದೇ. ಮೊದಲ ಚಳಿಗಾಲ, ಶನಿವಾರ ರಾತ್ರಿ, ಕಸ ಹಾಕಲು ಬನಿಯನ್ ಮತ್ತು ಚಪ್ಪಲಿಯಲ್ಲಿ ಕೆಳಗಿಳಿದೆ. ಹಿಂದೆ ಬಾಗಿಲು ಗಾಳಿಗೆ ‘ಕ್ಲಿಕ್’ ಎಂದಿತು. ಇಲ್ಲಿನ ಮನೆ ಬಾಗಿಲಿಗೆ ಹೊರಗಡೆ ಹಿಡಿಕೆ ಇರುವುದಿಲ್ಲ, ತಿರುಗದ ಗುಂಡಿ ಅಷ್ಟೆ. ದಿನವಿಡೀ ಬೀಗ ಪರೀಕ್ಷಿಸುವವನು ಮೆಟ್ಟಿಲ ಮೇಲೆ ನಡುಗುತ್ತಾ ಕೂತೆ. ಪಕ್ಕದವರ ಫೋನಿನಿಂದ ಯಾವುದೋ ಬೀಗ ತೆರೆಯುವವನನ್ನು ಕರೆಸಿದೆ. ಅವನು ಪ್ಲಾಸ್ಟಿಕ್ ಹಾಳೆಯೊಂದನ್ನು ಸಂದಿಯಲ್ಲಿ ತೂರಿಸಿದ, ಒಂದು ನಿಮಿಷವೂ ಆಗಲಿಲ್ಲ, ಬಾಗಿಲು ತೆರೆಯಿತು. ಬಿಲ್ಲು ನೋಡಿ ನನಗೆ ಬೆವರು ಬಂತು, ಚಳಿಯೇನೋ ಬಿಟ್ಟಿತು. ಬರೀ ಎಳೆದುಕೊಂಡ ಬಾಗಿಲು ಬೀಗ ಹಾಕಿದ ಬಾಗಿಲಲ್ಲ ಎಂಬುದು ಅಂದು ಮನದಟ್ಟಾಯಿತು. ಹೊರಗೆ ಹೋಗುವಾಗ ಎರಡು ಸುತ್ತು ತಿರುಗಿಸು. ಕರೆಸುವ ಮೊದಲು ಒಟ್ಟು ಎಷ್ಟು ಎಂದು ಫೋನಿನಲ್ಲೇ ಕೇಳು, ಊರಿನವನನ್ನೇ ಕರೆಸು.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ನಿನಗೆ ಕೊಡುವ ಒಂದೇ ಕೀಲಿಕೈ ಮುಂಬಾಗಿಲು, ನೆಲಮಾಳಿಗೆ, ನಿನ್ನ ಮನೆ ಮೂರನ್ನೂ ತೆರೆಯುತ್ತದೆ. ಅದನ್ನು ಕಳೆದರೆ ಕಟ್ಟಡದ ಬೀಗಗಳನ್ನೆಲ್ಲ ಬದಲಿಸುವ ಖರ್ಚನ್ನು ಮನೆ ಮಾಲೀಕರು ಕೇಳಬಹುದು, ಅದು ಸಾವಿರಾರು ಯುರೋ ಮುಟ್ಟುತ್ತದೆ. ನಿಜವಾಗಿ ಬದಲಿಸಿದರೆ ಮಾತ್ರ ಆ ಹಣ ಕೇಳಬಹುದು ಎಂದು ಕಾರ್ಲ್ಸ್‌ರೂಹೆಯ ಫೆಡರಲ್ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ, ಇದು ನೆನಪಿರಲಿ. ಬಂದ ವಾರದಲ್ಲೇ ಹೊಣೆಗಾರಿಕೆ ವಿಮೆ ಮಾಡಿಸು. ಅದರಲ್ಲಿ ಕೀಲಿಕೈ ಕಳೆದರೆ ಪರಿಹಾರ ಇದೆಯೇ ಎಂದು ಓದಿ ನೋಡು. ಮನೆ ಹಸ್ತಾಂತರದ ಪತ್ರದಲ್ಲಿ ಎಷ್ಟು ಕೀಲಿಕೈ ಕೊಟ್ಟರು ಎಂದು ಬರೆಸಿಕೊ. ನಕಲು ಮಾಡಿಸಲು ನಮ್ಮೂರಿನಂತೆ ಪೇಟೆಗೆ ಹೋದರೆ ಆಗುವುದಿಲ್ಲ, ಬೀಗದ ಜೊತೆ ಬರುವ ಭದ್ರತಾ ಕಾರ್ಡ್ ತೋರಿಸದೆ ಅಂಗಡಿಯವನು ಮುಟ್ಟುವುದಿಲ್ಲ.

ಪಟ್ಟಣದ ನಡುಭಾಗಕ್ಕೆ ರೈಲಿಲ್ಲ. ಹಳೆಯ ರೈಲು ಹಾದಿ ಈಗ ಸೈಕಲ್ ಹಾದಿಯಾಗಿದೆ, ಎಸೆನ್‌ನಿಂದ ಬಸ್ಸಿನಲ್ಲಿ ಬರಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಗಾಗಿ ಶನಿವಾರ ಸಂಜೆಯೊಳಗೆ ಹಾಲು, ಮೊಸರು ತಂದಿಟ್ಟುಕೊ. ಮಳೆ ಬಹಳ. ಮಲೆನಾಡಿನವನಾಗಿದ್ದರೆ ಹೇಳುತ್ತಿರಲಿಲ್ಲ, ನೀನು ಗದಗಿನವನು.

ಹೆಚ್ಚುವರಿ ಕೀಲಿಕೈಯನ್ನು ಹೂಕುಂಡದ ಕೆಳಗೆ ಇಡಬೇಡ, ನಂಬುವವರೊಬ್ಬರ ಕೈಗೆ ಕೊಡು. ನನ್ನದು ಎದುರು ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ, ಅವರದು ನಮ್ಮ ದೇವರ ಗೂಡಿನಲ್ಲಿದೆ. ನಿನಗೆ ಯಾರೂ ಸಿಗುವವರೆಗೆ ನಿನ್ನದನ್ನೂ ಅಲ್ಲೇ ಇಡೋಣ.