ಕೇಳಿ–ಹೇಳಿ: ಮುಸುಕಿನ ಜೋಳ ಬಿಳಿಚಿದರೆಲ್ಲ ಸತುವಿನ ಕೊರತೆಯಲ್ಲ

ಪ್ರಶ್ನೆ: ಮುಕ್ಕಾಲು ಎಕರೆ ಮುಸುಕಿನ ಜೋಳ, 28 ದಿನದ ಪೈರು. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಿಳಿಚಿಕೊಂಡಿದೆ. ಗೊಬ್ಬರದ ಅಂಗಡಿಯವರು ಸತು ಕಮ್ಮಿ ಎಂದರು. ಎರಡು ಸಲ ಸಿಂಪಡಿಸಿದರೂ ಹಸಿರಾಗಿಲ್ಲ, ಹೊಸದಾಗಿ ಇನ್ನಷ್ಟು ಗಿಡ ಬಿಳಿಚುತ್ತಿವೆ. ಬದುವಿನಾಚೆ ಹಸುಗಳಿಗೆಂದು ಮೇವಿನ ಜೋಳ ಬೆಳೆದಿದ್ದೇವೆ. ಅದಕ್ಕೂ ಇದೇ ಮದ್ದು ಹೊಡೆಯಬೇಕೆ?
— ಒಬ್ಬ ಓದುಗರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಮದ್ದಿನ ಮಾತು ಆಮೇಲೆ. ನೀವು ಬರೆದಿರುವ ‘ಅಲ್ಲೊಂದು ಇಲ್ಲೊಂದು’ ಎಂಬುದೇ ಸತುವಿನ ಕೊರತೆಗೆ ಹೊಂದುವುದಿಲ್ಲ. ಮಣ್ಣಿನಲ್ಲಿ ಸತು ಕಡಿಮೆಯಿದ್ದರೆ ಹೊಲದ ಒಂದು ಭಾಗವೇ ಒಟ್ಟಾಗಿ ಬಿಳಿಚುತ್ತದೆ. ಆಗ ಎಲೆಯ ಬುಡದಿಂದ ಮೇಲಕ್ಕೆ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟಿ ಬರುತ್ತದೆ; ನಡುನರ, ಅಂಚು, ತುದಿ ಹಸಿರಾಗಿಯೇ ಉಳಿಯುತ್ತವೆ.

ನಿಮ್ಮದು ಕೇದಿಗೆ ರೋಗ ಇರಬೇಕು. ಹೆಸರು ಸುಮ್ಮನೆ ಬಂದದ್ದಲ್ಲ. ರೋಗ ಹತ್ತಿದ ಗಿಡದ ಎಲೆ ಕಿರಿದಾಗಿ, ನೆಟ್ಟಗೆ ನಿಂತು, ಕೇದಿಗೆ ಹೂವಿನ ಗರಿಯಂತೆ ತಿಳಿಹಳದಿಗೆ ತಿರುಗುತ್ತದೆ. ಮೊದಲು ಬಿಳಿಚಿದ ಎಲೆಯನ್ನು ಗಮನಿಸಿ: ಬುಡದ ಅರ್ಧ ಬಿಳಿಚಿ ತುದಿಯ ಅರ್ಧ ಹಸಿರಾಗಿದ್ದು, ನಡುವೆ ಗೆರೆ ಎಳೆದಂತೆ ಗಡಿ ಕಾಣುತ್ತದೆ. ಸತುವಿನ ಕೊರತೆಯಲ್ಲಿ ಇಂಥ ಅಡ್ಡಗಡಿ ಇರುವುದಿಲ್ಲ.

ಖಚಿತ ಮಾಡಿಕೊಳ್ಳಲು ಬೆಳಗ್ಗೆ 6 ಗಂಟೆಗೆ, ಇಬ್ಬನಿ ಆರುವ ಮುಂಚೆ ಹೋಗಿ ಬಿಳಿಚಿದ ಎಲೆಯನ್ನು ಮಗುಚಿ ನೋಡಿ. ಅಡಿಭಾಗದಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಬೂಜು ಕಂಡರೆ ಅನುಮಾನವೇ ಬೇಡ. ಈ ಶಿಲೀಂಧ್ರ ಬೀಜಕಣ ಬಿಡುವುದು ರಾತ್ರಿ, ಎಲೆ ಒದ್ದೆಯಿರುವಾಗ ಮಾತ್ರ. ಬಿಸಿಲೇರಿದರೆ ಕಣಗಳು ಒಣಗಿ ಸಾಯುತ್ತವೆ, ಬೂಜೂ ಮಾಯವಾಗುತ್ತದೆ. ಹತ್ತು ಗಂಟೆಗೆ ಕಿತ್ತು ಅಂಗಡಿಗೆ ಒಯ್ದ ಎಲೆಯಲ್ಲಿ ಬರೀ ಬಿಳುಪು ಕಂಡರೆ ಅಂಗಡಿಯವರು ಸತು ಎಂದದ್ದರಲ್ಲಿ ಆಶ್ಚರ್ಯವಿಲ್ಲ.

ಪೂರ್ತಿ ಬಿಳಿಚಿದ ಗಿಡಕ್ಕೆ ಯಾವ ಔಷಧಿಯೂ ನಾಟುವುದಿಲ್ಲ. ರೋಗ ಸುಳಿಯೊಳಗೇ ಕೂತಿರುತ್ತದೆ. ಉಳಿಸಿಕೊಂಡರೆ ಸೂಲಂಗಿಯ (ಗಿಡದ ತುದಿಯ ಗಂಡು ಹೂಗೊಂಚಲಿನ) ಜಾಗದಲ್ಲಿ ಎಲೆಯ ಕುಚ್ಚು ಬಂದೀತೇ ಹೊರತು ಕಾಳು ಕಟ್ಟುವುದಿಲ್ಲ. ಅಂಥವನ್ನು ಬೇರುಸಹಿತ ಕಿತ್ತು, ಸಾಲಿನ ಮೇಲೆ ಎಳೆದಾಡದೆ ಚೀಲಕ್ಕೆ ತುಂಬಿ ಹೊರಗೆ ಒಯ್ದು ಹೂಳಿ. ಉಳಿದವಕ್ಕೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ 72 ಡಬ್ಲ್ಯುಪಿ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ, ಅಂದರೆ 16 ಲೀಟರಿನ ಟ್ಯಾಂಕಿಗೆ 32 ಗ್ರಾಂ ಬೆರೆಸಿ, ಸುಳಿಯೂ ನೆನೆಯುವಂತೆ ಸಿಂಪಡಿಸಿ. ಈ ಸಿಂಪಡಣೆ 20ನೇ ದಿನದ ಹೊತ್ತಿಗೆ ಆಗಬೇಕಿತ್ತು. ಎಳೆಯ ಪೈರಿಗೇ ಇದು ಸುಲಭವಾಗಿ ತಗಲುವುದು. ತಿಂಗಳು ದಾಟಿದ ಆರೋಗ್ಯದ ಗಿಡಕ್ಕೆ ಅಷ್ಟು ಭಯವಿಲ್ಲ. ಸಿಂಪಡಿಸಿದ ಗಿಡವನ್ನು ಹಸುವಿಗೆ ಹಾಕಬೇಡಿ.

ಇನ್ನು ಬದುವಿನಾಚೆಯ ಮೇವಿನ ಜೋಳ. ರೋಗ ಬಂದದ್ದು ಅಲ್ಲಿಂದಲೇ ಇದ್ದೀತು. ಇದು ಮೂಲತಃ ಜೋಳದ ರೋಗ. ಜೋಳದ ಎಲೆ ಸೀಳಿ ದಾರದಂತಾದಾಗ ಉದುರುವ ಗಟ್ಟಿ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅಲ್ಲಿಯೂ ಬಿಳಿಚಿದ ಗಿಡ ಕಂಡರೆ ಮದ್ದು ಹೊಡೆಯದೆ ಕಿತ್ತು ಹೂಳಿ. ಮುಂದಿನ ಸಲ ಆ ಹೊಲಕ್ಕೆ ಅವರೆಯನ್ನೋ ಅಲಸಂದೆಯನ್ನೋ ಹಾಕಿ. ಮತ್ತೆ ಮುಸುಕಿನ ಜೋಳವೇ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೇಮ ಅಥವಾ ನಿತ್ಯಶ್ರೀ ತಳಿ ಕೇಳಿ, ಎರಡೂ ಈ ರೋಗವನ್ನು ತಡೆದುಕೊಳ್ಳುತ್ತವೆ. ಬೇರೆ ಬೀಜವಾದರೆ ಕೆಜಿಗೆ 6 ಗ್ರಾಂ ಮೆಟಲಾಕ್ಸಿಲ್ 35 ಡಬ್ಲ್ಯುಎಸ್ ಹಚ್ಚಿ ಬಿತ್ತಿ. ಬಣ್ಣ ಹಚ್ಚಿದ ಬೀಜವೆಲ್ಲ ಈ ಉಪಚಾರ ಪಡೆದದ್ದೆಂದು ನಂಬಬೇಡಿ. ಯಾವ ಔಷಧಿ ಹಚ್ಚಿದ್ದಾರೆಂದು ಚೀಲದ ಚೀಟಿಯಲ್ಲಿ ಓದಿಕೊಳ್ಳಿ.

ಪ್ರಶ್ನೆ: ದೇವನಹಳ್ಳಿಯ ಹತ್ತಿರ 50 ದಿನದ ಬೆಳೆ. ಅರ್ಧ ತೆನೆಗೆ, ಅರ್ಧ ಸೈಲೇಜಿಗೆ (ಗುಂಡಿಯಲ್ಲಿ ಒತ್ತಿ ಹುಳಿಸಿಡುವ ಹಸಿ ಮೇವಿಗೆ). ಕೆಳಗಿನ ಎಲೆಗಳಲ್ಲಿ ಗೇಣುದ್ದದ ಒಣ ಮಚ್ಚೆಗಳು. ವಾರದಿಂದ ಸೋನೆ ಮಳೆ ಬಿಟ್ಟಿಲ್ಲ. ಸಿಂಪಡಿಸಬೇಕೆ, ಬಿಡಬೇಕೆ?

ಉತ್ತರ: ತೆನೆಯ ಭಾಗಕ್ಕೆ ಸಿಂಪಡಿಸಿ, ಈ ವಾರವೇ. ಎರಡೂ ತುದಿ ಚೂಪಾಗಿ, ದೋಣಿಯಂತೆ ಉದ್ದಕ್ಕೆ ಹಬ್ಬಿದ ಬೂದು–ಕಂದು ಮಚ್ಚೆ ಎಂದರೆ ಟರ್ಸಿಕಂ ಎಲೆ ಅಂಗಮಾರಿ. ಇದರ ಸೋದರನಂಥ ಮೇಡಿಸ್ ಅಂಗಮಾರಿಯ ಮಚ್ಚೆ ಬೆರಳಿನ ಒಂದೆರಡು ಗೆಣ್ಣಿನಷ್ಟೇ ಉದ್ದ, ನರಗಳ ನಡುವೆ ಕತ್ತರಿಸಿಟ್ಟಂತಿರುತ್ತದೆ. ಅದಕ್ಕೆ ಸೆಕೆ ಬೇಕು. ಟರ್ಸಿಕಂಗೆ 18ರಿಂದ 27 ಡಿಗ್ರಿ ತಂಪು, ಮೋಡ, ರಾತ್ರಿಯಿಡೀ ಒದ್ದೆ ಎಲೆ ಇದ್ದರೆ ಹಬ್ಬ. ಶ್ರಾವಣ–ಭಾದ್ರಪದದಲ್ಲಿ ಬೆಂಗಳೂರಿನ ಸುತ್ತ ಇರುವುದೇ ಅಂಥ ಹವೆ.

ಕಾಳು ತುಂಬಿಸುವುದು ತೆನೆಯ ಪಕ್ಕದ ಎಲೆ ಮತ್ತು ಅದರ ಮೇಲಿನವು. ರೋಗ ಏರುವುದು ಕೆಳಗಿನಿಂದ. ಸೂಲಂಗಿ ಬರುವ ಮೊದಲೇ ಅದು ತೆನೆಯೆಲೆಯ ಹತ್ತಿರ ಬಂದರೆ ಇಳುವರಿಗೆ ದೊಡ್ಡ ಪೆಟ್ಟು. ಕಾಳು ಹಿಟ್ಟುಗಟ್ಟಿದ ಮೇಲೆ ಬಂದರೆ ಔಷಧಿಯ ದುಡ್ಡು ದಂಡ. ನಿಮ್ಮದು ಮೊದಲನೆಯ ಸ್ಥಿತಿ. ಮ್ಯಾಂಕೋಜೆಬ್ 75 ಡಬ್ಲ್ಯುಪಿ ಲೀಟರಿಗೆ 2.5 ಗ್ರಾಂ ಹಾಕುವುದು ರೂಢಿ, ಆದರೆ ಅದು ಎಲೆಯ ಮೇಲಷ್ಟೇ ಕೂರುವ ಔಷಧಿ. ಸೋನೆಯಲ್ಲಿ ತೊಳೆದು ಹೋಗುತ್ತದೆ, ಆಗಲೇ ಒಳಹೊಕ್ಕ ರೋಗವನ್ನು ಮುಟ್ಟುವುದಿಲ್ಲ. ಈಗ ಪ್ರೊಪಿಕೊನಜೋಲ್ 25 ಇಸಿ ಲೀಟರಿಗೆ 1 ಮಿ.ಲೀ. ಮೇಲು, ಎಕರೆಗೆ 200 ಲೀಟರ್ ನೀರು, 200 ಮಿ.ಲೀ. ಔಷಧಿ. ನೀರು ಉಳಿಸಲು ಎಂಟು ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಕೆಳಗಿನ ಎಲೆಗೆ ಹನಿಯೂ ತಲುಪುವುದಿಲ್ಲ, ರೋಗವಿರುವುದು ಅಲ್ಲೇ. ಹದಿನೈದು ದಿನ ಬಿಟ್ಟು, ಹೊಸ ಮಚ್ಚೆ ಮೇಲೇರಿದ್ದರೆ ಮಾತ್ರ ಇನ್ನೊಮ್ಮೆ.

ಸೈಲೇಜಿನ ಭಾಗಕ್ಕೆ ಔಷಧಿ ಬೇಡ. ಕಾಳಿನ ಹಾಲು ಹಿಟ್ಟಿಗೆ ತಿರುಗುತ್ತಿದ್ದಂತೆ, ಎಲೆ ಇನ್ನಷ್ಟು ಒಣಗುವ ಮೊದಲೇ ಕತ್ತರಿಸಿ ತುಂಬಿ. ಒಣ ಎಲೆ ಹೆಚ್ಚಿದರೆ ಗುಂಡಿಯಲ್ಲಿ ಒತ್ತಿ ಗಾಳಿ ತೆಗೆಯುವುದು ಕಷ್ಟ, ಬೂಷ್ಟು ಹಿಡಿಯುತ್ತದೆ. ಎರಡೂ ಕಡೆಯ ಕೂಳೆ, ಕಸ ಹೊಲದ ಮೇಲೆ ಉಳಿಯದಂತೆ ಉಳುಮೆ ಮಾಡಿ. ಶಿಲೀಂಧ್ರ ಮುಂದಿನ ಬೆಳೆಯವರೆಗೆ ಕಾಯುವುದು ಅದರಲ್ಲೇ.

ಪ್ರಶ್ನೆ: ಎಲೆ ಸವರಿದರೆ ಕೈಗೆ, ಪಂಚೆಗೆ ಇಟ್ಟಿಗೆ ಪುಡಿಯಂಥದು ಅಂಟುತ್ತದೆ. ಬೆಳೆ ಹಾಳಾಗುತ್ತದೆಯೆ? — ಹೊಸಕೋಟೆ

ಉತ್ತರ: ತುಕ್ಕು ರೋಗ. ತೆನೆ ಬಲಿತಿದ್ದರೆ ಸುಮ್ಮನಿರಿ. ಸೂಲಂಗಿ ಇನ್ನೂ ಬರಬೇಕಿದ್ದು ಮೇಲಿನ ಎಲೆಗೂ ಗುಳ್ಳೆ ಏರಿದ್ದರೆ ಮೇಲೆ ಹೇಳಿದ ಪ್ರೊಪಿಕೊನಜೋಲ್ ಅದೇ ಪ್ರಮಾಣದಲ್ಲಿ ಸಾಕು.

ಪ್ರಶ್ನೆ: ಹೂವಾಗುವವರೆಗೆ ಚೆನ್ನಾಗಿದ್ದ ಗಿಡಗಳು ಬುಡದ ಹತ್ತಿರ ಮುರಿದು ಬೀಳುತ್ತಿವೆ. ಹುಳುವೇನೂ ಕಾಣಲಿಲ್ಲ. — ಆನೇಕಲ್

ಉತ್ತರ: ಕುಡುಗೋಲು ತೆಗೆದುಕೊಂಡು, ಬಿದ್ದ ಗಿಡದ ದಂಟನ್ನು ಬುಡದಿಂದ ಉದ್ದಕ್ಕೆ ಸೀಳಿ. ಕೊಳೆತ ನಾರು, ಮೂಗು ಮುಚ್ಚುವಂಥ ವಾಸನೆ ಬಂದರೆ ಬ್ಯಾಕ್ಟೀರಿಯಾದ ಕೊಳೆ. ನೀರು ನಿಂತದ್ದೇ ಕಾರಣ. ಬಸಿಗಾಲುವೆ ತೆಗೆಯಿರಿ. ಮುಂದಿನ ಬೆಳೆಯಲ್ಲಿ, ಹೂವಾಗುವ ತುಸು ಮುಂಚೆ ಎಕರೆಗೆ 4 ಕೆಜಿ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ ಬುಡಕ್ಕೆ ಸುರಿಯಬಹುದು, ಯೂರಿಯಾದೊಂದಿಗೆ ಮಾತ್ರ ಬೆರೆಸಬೇಡಿ.

ವಾಸನೆಯಿಲ್ಲದೆ ಒಳಗಿನ ಬೆಂಡು ಒಣಗಿ, ನಾರಿನ ಮೇಲೆ ಮಸಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅದು ಇದ್ದಿಲು ಕೊಳೆ, ಕಾರಣ ತದ್ವಿರುದ್ಧ: ಹೂವಾಡುವಾಗ ಬಿಸಿಲು ಹೆಚ್ಚಿ ನೀರು ಸಾಲದೆ ಹೋದದ್ದು. ತಿರುಳು ಗುಲಾಬಿ–ನೇರಳೆಯಾಗಿದ್ದರೆ ಫ್ಯುಸೇರಿಯಂ ಶಿಲೀಂಧ್ರದ ಕೊಳೆ. ಈ ಎರಡಕ್ಕೂ ಈಗ ಔಷಧಿಯಿಲ್ಲ. ನಿಂತಿರುವ ಗಿಡಗಳ ತೆನೆಯನ್ನು ಬಲಿತೊಡನೆ ಮುರಿದುಕೊಳ್ಳಿ. ನೆಲಕ್ಕೆ ಬಿದ್ದ ತೆನೆ ಬೂಷ್ಟು ಹಿಡಿಯುತ್ತದೆ, ಅದನ್ನು ಹಸುವಿಗೆ ಹಾಕಿದರೆ ಅಫ್ಲಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಮುಂದಿನ ಸಲ ಬಿತ್ತನೆಗೆ ಹದಿನೈದು ದಿನ ಮುಂಚೆ 100 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು ಎಕರೆಗೆ ಹರಡಿ. ಪೊಟ್ಯಾಷ್ ಹಾಕುವುದನ್ನು ತಪ್ಪಿಸಬೇಡಿ, ಯೂರಿಯಾ ಒಂದನ್ನೇ ಸುರಿದ ಹೊಲದಲ್ಲೇ ದಂಟು ಬೇಗ ಸೋಲುವುದು.

ಪ್ರಶ್ನೆ: ರಾಜಾಜಿನಗರದ ತಾರಸಿಯಲ್ಲಿ ಐದು ಕುಂಡ, ಐದು ಗಿಡ, ಒಂದೇ ಸಾಲು. ತೆನೆ ಬಂದಿದೆ, ಆದರೆ ಹಲ್ಲುದುರಿದ ಬಾಯಿಯಂತೆ ಕಾಳು. ಯಾವ ರೋಗ?

ಉತ್ತರ: ರೋಗವಲ್ಲ, ಪರಾಗ ಸಾಲದೆ ಆದದ್ದು. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಬೀಳದ ಕೂದಲಿನ ಕಾಳು ಕಟ್ಟುವುದಿಲ್ಲ. ಸಾಲಾಗಿ ಇಟ್ಟ ಐದೇ ಗಿಡದ ಪರಾಗವನ್ನು ತಾರಸಿಯ ಗಾಳಿ ಪಕ್ಕದ ಮನೆಗೆ ಒಯ್ಯುತ್ತದೆ. ಕುಂಡಗಳನ್ನು ಗುಂಪಾಗಿ ಒತ್ತಿಡಿ. ಕೂದಲು ಹೊಸದಾಗಿ ಹೊರಬಂದ ಮೇಲೆ ನಾಲ್ಕೈದು ದಿನ, ಬೆಳಗ್ಗೆ ಇಬ್ಬನಿ ಆರಿದ ಹೊತ್ತಿನಲ್ಲಿ ಸೂಲಂಗಿಯನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಕೊಡವಿ, ಬಿದ್ದ ಹಳದಿ ಪುಡಿಯನ್ನು ಎಲ್ಲ ತೆನೆಗಳ ಕೂದಲ ಮೇಲೂ ಉದುರಿಸಿ.